ಹುಬ್ಬಳ್ಳಿಗೆ ಹೋದ ಕ್ಲಾರಿನೆಟ್ಟುಗಳು

ಇದನ್ನು ಬರೆಯಬೇಕೆಂದು ಕೂತು ಎದ್ದದ್ದು ಎಷ್ಟು ಸಲವೋ. ಒಮ್ಮೆ ಕನ್ನಡಕ ಸರಿಯಿಲ್ಲ ಅಂದುಕೊಂಡೆ, ಒಮ್ಮೆ ಸೆಕೆ ಅಂದುಕೊಂಡೆ. ನೆಪ ಹುಡುಕಿ ಹುಡುಕಿ ನನಗೇ ನನ್ನ ಮೇಲೆ ರೇಜಿಗೆ ಹುಟ್ಟಿದೆ. ಇವತ್ತು ಬರೆದುಬಿಡುತ್ತೇನೆ.

ಹೊನ್ನಾವರದಲ್ಲಿ ಮ್ಯಾಟ್ರಿಕ್ ಮುಗಿಸಿ ನಾನು ಸೇರಿದ್ದು ಬ್ಯಾಂಡಿನ ವಾದ್ಯ ಮಾಡುವ ಕಂಪನಿಗೆ. ಕಂಪನಿ ಎಂಬುದು ಬೋರ್ಡಿನ ಮೇಲಿನ ಮಾತು. ಇದ್ದದ್ದು ಒಂದು ಹಂಚಿನ ಮನೆ. ಧಣಿಗಳು ಮೊದಲು ಹಿತ್ತಾಳೆ ಕೊಡ ಬಡಿಯುತ್ತಿದ್ದವರು. ಇಗರ್ಜಿಯ ಬ್ಯಾಂಡಿನವರ ನಜ್ಜುಗುಜ್ಜಾದ ಕಹಳೆಯೊಂದನ್ನು ರಿಪೇರಿ ಮಾಡಿ, ಅಂಥದ್ದೇ ಇನ್ನೊಂದನ್ನು ಮಾಡಿ ನೋಡಿದರು. ಊದಿದರೆ ಅದೂ ಕೂಗಿತು. ಕೊಡದ ಕೆಲಸವನ್ನೇ ಬಿಟ್ಟರು. ಮದುವೆಗೆ ಬ್ಯಾಂಡು ಬೇಕೇ ಬೇಕು ಎನ್ನುವ ಕಾಲ. ಹಿತ್ತಾಳೆಯ ಕೆಲಸಕ್ಕೆ ಭಟ್ಕಳದಿಂದ ಜನ ಬಂದರು, ಕುಮಟೆಯಲ್ಲಿ ಮಾರುವ ಅಂಗಡಿಯಾಯಿತು. ಮರದ ಕೆಲಸದ ಜವಾಬ್ದಾರಿ ಮಾತ್ರ ಒಬ್ಬರದೇ. ಅವರು ನನ್ನ ಅಕ್ಕನ ಗಂಡ. ನನಗೆ ಕೆಲಸ ಕೊಡಿಸಿದವರೂ ಅವರೇ.

ಬಾವ ಬೀಟೆಯ ತುಂಡುಗಳಿಗೆ ಅರ್ಧ ತೂತು ಕೊರೆದು, ಎಣ್ಣೆ ಸವರಿ, ಒಲೆಯ ಮೇಲಿನ ಅಟ್ಟಕ್ಕೆ ಏರಿಸಿಬಿಡುತ್ತಿದ್ದರು. ಒಂದು ಮಳೆಗಾಲ, ಒಂದು ಬೇಸಿಗೆ ಹೊಗೆ ಕುಡಿದ ಮೇಲೆ ಇಳಿಸಿ ಕ್ಲಾರಿನೆಟ್ ಮಾಡುವುದು. ಆರ್ಡರು ಬರೆದುಕೊಳ್ಳುವವ ನಾನು. ಹುಬ್ಬಳ್ಳಿಯ ಬ್ಯಾಂಡಿನವರ ಕಾರ್ಡುಗಳಿಗೆ ‘ಬರುವ ವಾರ’ ಎಂದು ಉತ್ತರಿಸಿ ಉತ್ತರಿಸಿ ಸಾಕುಬೇಕಾಗಿತ್ತು. ಹಿತ್ತಾಳೆಯವರು ವಾರದಲ್ಲಿ ಮುಗಿಸುವಾಗ ಇವರಿಗೆ ವರ್ಷ!

“ಬಾವಾ, ನೀವು ಕ್ಲಾರಿನೆಟ್ ಮಾಡೂದೋ, ಹಪ್ಪಳ ಒಣಗ್ಸೂದೋ?”

“ಹಪ್ಪಳ ಒಡದ್ರೆ ತಿನ್ನೂಕಾದ್ರೂ ಆತದೆ ತಮ್ಮಾ. ಇದು ಒಡದ್ರೆ ಎಂತ ಮಾಡ್ತೆ?”

“ಮುಟ್ಟಿದ್ರೆ ಒಣಗೇ ಅದೆ.”

“ಗಟ್ಟದ ಮೇಲಿನ ಒಣ ಗಾಳಿ ನಮ್ಮ ಗಾಳಿ ಅಲ್ಲ ಮಾರಾಯಾ. ಸುಮ್ನೆ ಕಾರ್ಡ್ ಬರಿ ಹೋಗು.”

ಕೆಲಸದವರೆಲ್ಲ ನಕ್ಕರು. ನನಗೆ ಚುಚ್ಚಿತು.

ಬಾವನ ತಾಯಿ ತೀರಿಕೊಂಡು ಅವರು ಹದಿನೈದು ದಿನ ಊರಿಗೆ ಹೋದರು. ಮದುವೆಯ ದಿನಗಳು ಎದುರಿಗಿದ್ದವು. ಒಂದು ಮಳೆಗಾಲವನ್ನಷ್ಟೇ ಕಂಡಿದ್ದ ಹನ್ನೆರಡು ತುಂಡುಗಳನ್ನು ನಾನು ಇಳಿಸಿದೆ. “ಒಣಗಿದೆ ಎಂದು ಬಾವನೇ ಹೇಳಿ ಹೋಗಿದ್ದಾರೆ” ಅಂತ ಧಣಿಗಳಿಗೆ ಹೇಳಿದೆ. ಬಾವನ ಕೈಕೆಳಗಿನವರಿಂದ ಕೆಲಸ ಮುಗಿಸಿ ಹುಬ್ಬಳ್ಳಿಯ ಲಾರಿಗೆ ಹಾಕಿಸಿದೆ.

ತಿಂಗಳೊಳಗೆ ಪೆಟ್ಟಿಗೆ ವಾಪಸು ಬಂತು. ಹನ್ನೆರಡೂ ಉದ್ದಕ್ಕೆ ಸೀಳಿದ್ದವು. ಒಂದಂತೂ ಮದುವೆಯ ಚಪ್ಪರದಲ್ಲಿ, ಊದುತ್ತಿರುವಾಗಲೇ ಬಿರಿದಿತ್ತಂತೆ.

“ಎಂತ ಇದು? ಒಣಗೇ ಅದೆ ಅಂದ್ರಂತಲ್ಲ ನೀವು?” ಊರಿಂದ ಮರಳಿದ್ದ ಬಾವನ ಮೇಲೆ ಧಣಿಗಳು ಕೂಗಾಡಿದರು.

ಬಾವ ನನ್ನ ಕಡೆ ನೋಡಿದರು. ನನ್ನ ತಾಯಿ, ಇಬ್ಬರು ತಂಗಿಯರು ನನ್ನ ಪಗಾರದ ಮೇಲೆಯೇ ಇದ್ದರೆಂದು ಅವರಿಗೆ ಗೊತ್ತಿತ್ತು.

“ಹೌದು ಧಣೀ. ನನ್ನ ಅಂದಾಜು ತಪ್ಪೋತು.”

ಮರುದಿನದಿಂದ ಅವರಿಗೆ ಅಲ್ಲಿ ಕೆಲಸವಿರಲಿಲ್ಲ.

ಕಂಪನಿ ಬೆಳೆಯಿತು. ಎರಡು ಹೊಸ ಶೆಡ್ಡು, ಕರೆಂಟಿನ ಯಂತ್ರ, ನಾನು ಮ್ಯಾನೇಜರು. ಮರವನ್ನು ವರ್ಷವಿಡೀ ಒಣಗಿಸತಕ್ಕದ್ದು ಎಂದು ಬರೆದು ಗೋಡೆಗೆ ಅಂಟಿಸಿದವನೂ ನಾನೇ! ನೆನೆದರೆ ಈಗ ತಲೆ ಚಚ್ಚಿಕೊಳ್ಳುವಂತಾಗುತ್ತದೆ.

ಬಾವ ಭಟ್ಕಳದಲ್ಲಿ ಬಾಡಿಗೆಯ ಜಗಲಿಯೊಂದರಲ್ಲಿ ಮಂಚದ ಕಾಲು, ಲಟ್ಟಣಿಗೆ ಕಡೆಯುತ್ತಿದ್ದರು. ಒಮ್ಮೆ ಕಂಪನಿ ಕೆಲಸಕ್ಕೆ ಹೋದಾಗ ಅವರ ಕಣ್ಣಿಗೆ ಬಿದ್ದೆ. ಸ್ಟೂಲಿನ ಮೇಲಿನ ಹೊಟ್ಟು ಒರೆಸಿ ಕೂರಿಸಿದರು.

“ಎಂತ ಮ್ಯಾನೇಜರೇ, ನಮ್ಮಲ್ಲಿ ಚಾ ಆತದ್ಯಾ?”

ಕುಡಿದೆ. ಅವರು ಉಳಿಯನ್ನು ನೋಡುತ್ತಲೇ ಕೇಳಿದರು: “ಅಲ್ಲಿ ಮರದ ಕೆಲಸ ಈಗ ಯಾರು ನೋಡ್ತಾರೆ?”

ಮತ್ತೆ ಕರೆದಾರೆಂಬ ಆಸೆ ಅದು. ನಾನು ನಿಜ ಹೇಳಿದ್ದರೆ ಧಣಿಗಳು ಮರುದಿನವೇ ಕರೆಸುತ್ತಿದ್ದರು.

“ಜನ ಅದಾರೆ ಬಾವಾ,” ಅಂದೆ. ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಬಸ್ಸಿಗೆ ಇನ್ನೂ ಒಂದು ತಾಸಿತ್ತು.

ಆಮೇಲೂ ಎಷ್ಟೋ ವರ್ಷ ಅವರು ಹಬ್ಬಕ್ಕೆ ಬಂದು ನನ್ನ ಪಕ್ಕದಲ್ಲೇ ಕೂತು ಉಂಡರು. ಅವರು ತೀರಿಕೊಂಡ ಮೇಲೆ ಅಕ್ಕನ ಎದುರು ಅತ್ತು ತಪ್ಪಾಯಿತು ಅಂದೆ. ಹಾಸಿಗೆ ಹಿಡಿದಿದ್ದ ಧಣಿಗಳಿಗೂ ಹೇಳಿದೆ. ಯಾರಿಗೆ ಮೊದಲು ಹೇಳಬೇಕಿತ್ತೋ ಅವರಿಗೆ ಹೇಳಲೇ ಇಲ್ಲ: ನನ್ನ ಬಾವನಿಗೆ.