ದೊಡ್ಡವ್ವನ ಮನೆಯ ಮಾತಾಡುವ ಸೊಳ್ಳೆ

ಈಗಷ್ಟೇ ವಿನೋಬನಗರದ ನಮ್ಮ ಓಣಿಯಲ್ಲಿ ಮೈಕಿನ ಆಟೋ ಹಾದುಹೋಯಿತು. ಮಕ್ಕಳಿಗೆ ದಡಾರದ ಲಸಿಕೆ ಹಾಕಿಸಿ ಎಂಬ ಕೂಗು ಕೇಳಿದರೆ, ನಂಬಿ, ನನಗೆ ಎಡಗಾಲು ತುರಿಸುತ್ತದೆ. ಅದಕ್ಕೆ ಕಾರಣ ಹರಿಹರದ ನಮ್ಮ ದೊಡ್ಡವ್ವ.

ಕೆಲವು ವರ್ಷಗಳ ಹಿಂದೆ ಅವಳ ಪಕ್ಕದ ಓಣಿಯ ಮಗುವೊಂದಕ್ಕೆ ದಡಾರ ಎದ್ದಿತ್ತು. ಲಸಿಕೆ ಬಾಕಿಯಿದ್ದ ಮಕ್ಕಳನ್ನು ಹುಡುಕುತ್ತ ನರ್ಸಮ್ಮ ಮನೆಮನೆಗೆ ಬರುತ್ತಿದ್ದರು. ನಾನು ಅಲ್ಲಿಗೆ ದೊಡ್ಡವ್ವನ ಕ್ಷೇಮ ವಿಚಾರಿಸಲು, ಅಂದರೆ ಅವಳ ಒಗ್ಗರಣೆ ಮಂಡಕ್ಕಿ ತಿನ್ನಲು ಹೋಗಿದ್ದೆ. ಮೊದಲ ಲಸಿಕೆಗೆ ಮೊಮ್ಮಗಳು ಸಿರಿಗೆ ಜ್ವರ ಬಂದದ್ದನ್ನು ದೊಡ್ಡವ್ವ ಮರೆತಿರಲಿಲ್ಲ. "ಎರಡನೇದು ಇವತ್ತು ಹಾಕಿಸ್ರಿ ಅತ್ತೆ" ಎಂದು ಸೊಸೆ ಹೇಳಿಯೇ ಕೆಲಸಕ್ಕೆ ಹೋಗಿದ್ದಳು. ಆದರೆ ಹೊರಗೆ ನರ್ಸಮ್ಮನ ದನಿ ಕೇಳಿದ್ದೇ ತಡ, ದೊಡ್ಡವ್ವ ಸಿರಿಯನ್ನು ಮಂಚದ ಕೆಳಗೆ ತಳ್ಳಿ, ನನ್ನನ್ನು ಮಂಚದ ಮೇಲೆ ಕೂರಿಸಿದಳು.

"ಕಾಲು ಇಳಿಬಿಟ್ಕಂಡು ಕೂಡು. ಮಿಸುಕಬ್ಯಾಡ."

ನನ್ನ ಪಂಚೆಯೇ ಪರದೆಯಾಯಿತು.

"ಮಗು ಎಲ್ಲೈತ್ರಿ ಅಜ್ಜಿ?"

"ಅವ್ರಮ್ಮನ ತವರಿಗೆ ಹೋಗೈತವ್ವ."

ಅಷ್ಟರಲ್ಲಿ ಸಿರಿ ನನ್ನ ಎಡಗಾಲಿನ ಕೂದಲು ಕಿತ್ತಳು. "ಅಯ್ಯೋ!" ಎಂದುಬಿಟ್ಟೆ.

"ಸೊಳ್ಳೆ, ಸೊಳ್ಳೆ" ಎಂದಳು ದೊಡ್ಡವ್ವ.

"ಚೊಳ್ಳೆ!" ಎಂದಿತು ಮಂಚದ ಕೆಳಗಿನಿಂದ ಒಂದು ದನಿ.

ನರ್ಸಮ್ಮ ನಗಲಿಲ್ಲ. "ನಿಮ್ಮನೆ ಸೊಳ್ಳೆ ಮಾತೂ ಆಡ್ತೈತಲ್ರಿ" ಎಂದು ನೆಲದ ಮೇಲೇ ಕೂತರು. "ಜ್ವರಕ್ಕೆ ಹೆದರ್ತೀರೇನ್ರಿ?"

ದೊಡ್ಡವ್ವ ಮೊದಲು ಗೋಡೆ ನೋಡಿದಳು. ಆಮೇಲೆ ನನಗೂ ಗೊತ್ತಿರದ ಮಾತು ಹೇಳಿದಳು. "ಲೋಕಿಕೆರೆ ಹಳ್ಳ್ಯಾಗ ಇದ್ದಾಗ ನನ್ನ ಮೊದಲ್ನೇ ಮಗಳು ಇದೇ ದಡಾರದಾಗ ಹೋದ್ಲು. ಮೈ ಕೆಂಡ ಆಗಿತ್ತು. ಈ ಕೂಸಿನ ಮೈ ಬಿಸಿ ಆದ್ರ ನನಗ ಅದೇ ಕಾಣ್ತೈತೆ."

"ಇದು ನಾಳೆ ನಾಡಿದ್ರಾಗ ಇಳಿಯೋ ಜ್ವರ, ಅಜ್ಜಿ. ದಡಾರ ಬರಬಾರ್ದು ಅಂತಾನೇ ಈ ಸೂಜಿ."

ದೊಡ್ಡವ್ವ ನನ್ನ ಕಾಲನ್ನು ಬದಿಗೆ ಸರಿಸಿ, ತಾನೇ ಬಗ್ಗಿ ಸಿರಿಯನ್ನು ಎಳೆದುಕೊಂಡಳು. ಸೂಜಿ ಚುಚ್ಚುವಾಗ ಕೂಸಿಗಿಂತ ಜೋರಾಗಿ ಅತ್ತವಳೂ ಅವಳೇ.

ಸಂಜೆ ಸಿರಿಯ ಮೈ ಸ್ವಲ್ಪ ಬಿಸಿಯಾಯಿತು, ಆಮೇಲೆ ಇಳಿಯಿತು. ಅಂದಿನಿಂದ ದೊಡ್ಡವ್ವ ನರ್ಸಮ್ಮನ ಮುಂದೆ ಮುಂದೆ ನಡೆಯತೊಡಗಿದಳು. ಮಕ್ಕಳನ್ನು ಬಚ್ಚಿಡುವ ಜಾಗಗಳೆಲ್ಲ ಅವಳಿಗೆ ಗೊತ್ತಲ್ಲ! ಬಚ್ಚಲು, ಹಾಸಿಗೆ ರಾಶಿ, ಅಟ್ಟ ಎಲ್ಲ ಅವಳ ತಪಾಸಣೆಗೆ ಒಳಪಟ್ಟವು. ಓಣಿಯ ಸೊಸೆಯಂದಿರು ಪೊಲೀಸರಿಗಿಂತ ಅವಳಿಗೇ ಹೆಚ್ಚು ಹೆದರಿದರು.

ಆಟೋ ಹೋದಮೇಲೆ ಇದನ್ನೆಲ್ಲ ನೆನೆದು ನಗು ತಡೆಯದೆ ಅವಳಿಗೆ ಫೋನ್ ಮಾಡಿದೆ.

"ನಗೋದು ಆಮ್ಯಾಕಿರ್ಲಿ" ಎಂದಳು. "ನಿಮ್ಮ ಮ್ಯಾಲಿನ ಮನಿಗೆ ಹೊಸಬ್ರು ಬಂದಾರಂತಲ್ಲ, ಅವರ ಕೂಸಿಗೆ ಹಾಕ್ಸ್ಯಾರೇನು?"

"ಕೇಳಿಲ್ಲ ದೊಡ್ಡವ್ವ."

"ಮತ್ಯಾಕ ನನ್ನ ಕೂಡ ಹರಟೆ ಹೊಡೀತಿ? ಫೋನ್ ಇಡು."

ಇಟ್ಟೆ. ಈಗ ಮೆಟ್ಟಿಲು ಹತ್ತುತ್ತಿದ್ದೇನೆ.