ಹಬ್ಬಕ್ಕೆಂದು ಎತ್ತಿಟ್ಟದ್ದು

ರೇಷ್ಮೆಗೂಡು ಬೇಯುವ ವಾಸನೆ ಗೊತ್ತಿರುವವರಿಗೆ ಅದನ್ನು ಬಣ್ಣಿಸಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಹೇಳಿ ತಿಳಿಸುವುದು ಕಷ್ಟ. ಬಿಸಿನೀರು, ಬೆಂದ ಹುಳು, ಸೌದೆಯ ಹೊಗೆ, ಒದ್ದೆ ಗೋಣಿ ಎಲ್ಲ ಸೇರಿ ಮೂಗಿಗೆ ಅಂಟಿಕೊಳ್ಳುವ ವಾಸನೆ ಅದು. ಮೊನ್ನೆ ಬರುವಾಗ ದೇವನಹಳ್ಳಿ ಹತ್ತಿರದ ವಿಜಯಪುರದಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಪಕ್ಕದಲ್ಲಿದ್ದ ಹುಡುಗಿ ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡು ಕಿಟಕಿ ಮುಚ್ಚಲು ಕೈಚಾಚಿದಳು. "ಒಂದ್ನಿಮಿಷ ಇರ್ಲಿ ಬಿಡಮ್ಮ" ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ನನ್ನ ಪಾಲಿಗೆ ಅದು ಅಪ್ಪ ಕೆಲಸ ಮುಗಿಸಿ ಮನೆಗೆ ಬಂದ ವಾಸನೆ, ಕ್ರಿಸ್ಮಸ್ ಹತ್ತಿರ ಬಂದ ವಾಸನೆ ಎಂದು ಅವಳಿಗೆ ಹೇಗೆ ಹೇಳಲಿ?

ಆಗ ನಾವು ಆ ಊರಿನಲ್ಲಿ ಪಿಳ್ಳಮ್ಮನವರ ವಠಾರದ ಕೊನೆಯ ಮನೆಯಲ್ಲಿದ್ದೆವು. ಎರಡು ಕೋಣೆ, ಹೆಂಚಿನ ಮಾಡು, ಹಿಂದುಗಡೆ ಬಚ್ಚಲು. ಆ ಬೀದಿಗೆಲ್ಲ ಕ್ರೈಸ್ತರ ಮನೆ ನಮ್ಮದೊಂದೇ. ಅಪ್ಪ ರಾಯಪ್ಪ ನೂಲು ತೆಗೆಯುವ ಕೆಲಸಗಾರ. ಬೆಳಗಿನಿಂದ ಸಂಜೆಯವರೆಗೆ ಕುದಿಯುವ ನೀರಿನ ಮುಂದೆ ಕೂತು, ಬೆಂದ ಗೂಡಿನಿಂದ ಕಣ್ಣಿಗೆ ಕಾಣಿಸದಷ್ಟು ಸಣ್ಣ ಎಳೆ ಹಿಡಿದು ರಾಟೆಗೆ ಕೊಡುತ್ತಿದ್ದರು. ಅವರ ಬೆರಳ ತುದಿಗಳು ಸದಾ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಅಮ್ಮ ರೀಟಾ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ನಾನು ಒಬ್ಬಳೇ ಮಗಳು. ನಮ್ಮಲ್ಲಿ ಇಲ್ಲದ್ದು ಬಹಳವಿತ್ತು, ಆದರೆ ಅಮ್ಮನ ಕೈಯಲ್ಲಿ ಆ ಇಲ್ಲದ್ದೆಲ್ಲ ಹೇಗೋ ಏನೋ ಒಂದು ಆಗಿಬಿಡುತ್ತಿತ್ತು. ಹಾಗಾಗಿ ನಾವು ಬಡವರೆಂಬುದು ನನಗೆ ಬಹಳ ದಿನ ತಿಳಿಯಲೇ ಇಲ್ಲ.

ಅಮ್ಮನ ಕ್ರಿಸ್ಮಸ್ ನವೆಂಬರಿನಲ್ಲೇ ಶುರುವಾಗುತ್ತಿತ್ತು. ದ್ರಾಕ್ಷಿ ತೋಟಗಳಲ್ಲಿ ಗೊಂಚಲಿನಿಂದ ಉದುರಿ ಬಿದ್ದ ಹಣ್ಣನ್ನು ತೋಟದವರನ್ನು ಕೇಳಿ ಆರಿಸಿಕೊಂಡು ಬರುತ್ತಿದ್ದಳು. ತೊಳೆದು, ಹಳೆಯ ಪಂಚೆಯ ಮೇಲೆ ಹರಡಿ, ಇರುವೆ ಹತ್ತದಂತೆ ಸುತ್ತ ಅರಿಶಿನ ಎಳೆದು ಒಣಗಿಸಿದರೆ ಅದೇ ನಮ್ಮ ಕೇಕಿನ ಒಣದ್ರಾಕ್ಷಿ. ಕೇಕೆಂದರೆ ಅರ್ಧ ಮೈದಾ, ಅರ್ಧ ರಾಗಿಹಿಟ್ಟು, ಬೆಲ್ಲ. ದೊಡ್ಡ ಬಾಣಲೆಯಲ್ಲಿ ಮರಳು ಹಾಕಿ, ಮೇಲೆ ಪಾತ್ರೆಯಿಟ್ಟು, ಮುಚ್ಚಳದ ಮೇಲೆ ಕೆಂಡ ಹರಡಿ ಬೇಯಿಸುತ್ತಿದ್ದಳು. ತಳ ಒಂದಿಷ್ಟು ಸೀಯುತ್ತಿತ್ತು. ಆ ಸೀದ ತಳವನ್ನು ಅಪ್ಪ "ಇದು ನಂದು" ಎಂದು ಮೊದಲೇ ಹೇಳಿಟ್ಟು ತಿನ್ನುತ್ತಿದ್ದರು. ಹಿಟ್ಟಿನ ಸಣ್ಣ ಉಂಡೆಗಳನ್ನು ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಮಾಡಿ ಕರಿದರೆ ಹಬ್ಬದ ತಿಂಡಿ ಕಲ್‌ಕಲ್. ಅದಕ್ಕಾಗಿ ವರ್ಷಕ್ಕೊಂದು ಹೊಸ ಬಾಚಣಿಗೆ ಬರುತ್ತಿತ್ತು, ಹಬ್ಬ ಮುಗಿದ ಮೇಲೆ ಅದೇ ಮನೆಮಂದಿಯೆಲ್ಲ ತಲೆ ಬಾಚುವ ಬಾಚಣಿಗೆ. ಬಾಲಯೇಸು ಮಲಗುವ ಗೋದಲಿಗೆ ಹುಲ್ಲು ಬೇಕೆಂದು ತೆಂಗಿನ ಚಿಪ್ಪುಗಳಲ್ಲಿ ರಾಗಿ ಬಿತ್ತುತ್ತಿದ್ದಳು. ಹದಿನೈದು ದಿನಕ್ಕೆ ಬೆರಳುದ್ದ ಹಸಿರು ನಿಲ್ಲುತ್ತಿತ್ತು. ನೂಲಿಗೆ ಬಾರದ ತೂತುಬಿದ್ದ ಗೂಡುಗಳನ್ನು ಅಪ್ಪ ಕೇಳಿ ತರುತ್ತಿದ್ದರು. ಅವಕ್ಕೆ ನಾಲ್ಕು ಕಡ್ಡಿ ಚುಚ್ಚಿ, ಮಸಿಯಿಂದ ಕಣ್ಣು ಬರೆದರೆ ಕುರಿ. ಪಿಳ್ಳಮ್ಮ ಬಾಗಿಲಲ್ಲಿ ನಿಂತು, "ಏನಮ್ಮಾ ರೀಟಾ, ಈ ಸಲ ಮಂದೆ ಎಷ್ಟು ದೊಡ್ಡದು?" ಎಂದು ನಗುತ್ತಿದ್ದರು. ಅವರೇ ಮುಚ್ಚಿದ ಕೈಯಲ್ಲಿ ನಾಲ್ಕು ಏಲಕ್ಕಿ ತಂದು, "ದೇವ್ರ ಮುಂದೆ ಇಟ್ಟಿದ್ದು, ಕೇಕಿಗೆ ಹಾಕು" ಎಂದು ಕೊಟ್ಟುಹೋಗುತ್ತಿದ್ದರು.

ಇಷ್ಟೆಲ್ಲ ಇದ್ದರೂ ಹಬ್ಬ ಬಂತು ಅನಿಸುತ್ತಿದ್ದದ್ದು ಅಪ್ಪ ಹಾಡಿದಾಗಲೇ. ಇಪ್ಪತ್ತನಾಲ್ಕನೆಯ ತಾರೀಕಿನ ಸಂಜೆ, ಇನ್ನೂ ಬೆಳಕಿರುವಾಗ, ಅವರು ಒಗೆದ ಬಿಳಿ ಅಂಗಿ ತೊಟ್ಟು ವಠಾರದ ಅಂಗಳದಲ್ಲಿ ನಿಲ್ಲುತ್ತಿದ್ದರು. ಬಾಜಾಬಜಂತ್ರಿ ಏನೂ ಇಲ್ಲ. ದಿನವಿಡೀ ಮಾತಿಲ್ಲದೆ ಎಳೆ ಹಿಡಿದು ಕೂರುವ ಮನುಷ್ಯನ ಎದೆಯೊಳಗೆ ಅಂಥ ದನಿ ಎಲ್ಲಿ ಅಡಗಿರುತ್ತಿತ್ತೋ. ಐದೂ ಮನೆಯವರು ಕೈಕೆಲಸ ಬಿಟ್ಟು ಹೊರಗೆ ಬರುತ್ತಿದ್ದರು. ಹಾಡು ನಮ್ಮ ದೇವರದಾದರೂ ಪಿಳ್ಳಮ್ಮ ಕೈಮುಗಿದುಕೊಂಡೇ ಕೇಳುತ್ತಿದ್ದರು. ಯಾವ ವರ್ಷ ಯಾವ ಹಾಡೆಂದು ಅಪ್ಪ ಮೊದಲೇ ಹೇಳುತ್ತಿರಲಿಲ್ಲ. ಎಷ್ಟು ಗೋಗರೆದರೂ, "ಅವತ್ತೇ ಕೇಳುವಂತೆ ಇರು" ಎನ್ನುತ್ತಿದ್ದರು.

ನನಗೆ ಒಂಬತ್ತು ತುಂಬಿದ ವರ್ಷ ಅವರಿಗೆ ಕೆಮ್ಮು ಹಿಡಿಯಿತು. ಮೊದಲು ಚಳಿಯ ಕೆಮ್ಮೆಂದುಕೊಂಡೆವು. ಬೇಸಿಗೆ ಬಂದರೂ ಅದು ಹೋಗಲಿಲ್ಲ. ಆ ಹಬೆಯ ಮುಂದೆ ಕೂತ ಕೆಲವರಿಗೆ ಹಾಗಾಗುತ್ತದಂತೆ. ಉಸಿರು ಒಳಗೆ ಹೋಗುವಾಗ ಸಣ್ಣ ಪೀಪಿಯೊಂದು ಊದಿದಂತೆ ಕೇಳುತ್ತಿತ್ತು. ಡಾಕ್ಟರು ಎದೆಗೆ ಕೊಳವೆಯಿಟ್ಟು ನೋಡಿ, "ಆ ಕೆಲಸ ಬಿಡ್ಬೇಕು ನೀವು" ಎಂದರು. ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ಬಿಟ್ಟು ಏನ್ ಮಾಡ್ಲಿ ಸಾರ್? ಕೈಗೆ ಬೇರೆ ಏನೂ ಬರಲ್ವಲ್ಲ" ಎಂದರು. ಡಾಕ್ಟರು ಚೀಟಿ ಎಳೆದುಕೊಂಡರು. ದಿನಕ್ಕೆರಡು ಮಾತ್ರೆ ಬರೆದುಕೊಟ್ಟರು, ಬೆಳಿಗ್ಗೆ ಒಂದು, ಸಂಜೆ ಒಂದು, ತಪ್ಪಿಸಬಾರದು ಎಂದರು. ಅಪ್ಪ ಮೂಗಿಗೆ ಒದ್ದೆ ಟವೆಲ್ಲು ಕಟ್ಟಿಕೊಂಡು ಮತ್ತೆ ಅದೇ ನೀರಿನ ಮುಂದೆ ಕೂತರು. ಅಮ್ಮ ಮೆಣಸಿನ ಕಷಾಯ ಮಾಡಿದಳು, ಎದೆಗೆ ಬಿಸಿ ಎಣ್ಣೆ ತಿಕ್ಕಿದಳು, ಮಂಡಿಯೂರಿ ಜಪಮಾಲೆ ಹಿಡಿದಳು. ಚೂರು ಬಟ್ಟೆಯನ್ನೂ ಬಿಸಾಡದೆ ಉಳಿಸಲು ಬಲ್ಲ ಅವಳಿಗೆ ಅಪ್ಪನ ಉಸಿರನ್ನು ಉಳಿಸುವ ಉಪಾಯ ಮಾತ್ರ ಹೊಳೆಯಲಿಲ್ಲ. ಆ ವರ್ಷದ ಕ್ರಿಸ್ಮಸ್ಸಿಗೆ ಅಪ್ಪ ಎರಡು ಸಾಲು ಹಾಡಿ, ಕೆಮ್ಮಿ, ಕೈಯಾಡಿಸಿ ಒಳಗೆ ಬಂದುಬಿಟ್ಟರು. ಪಿಳ್ಳಮ್ಮ ಒಂದು ಲೋಟ ಬಿಸಿನೀರು ತಂದು ಬಾಗಿಲ ಬಳಿ ಇಟ್ಟುಹೋದರು.

ಮರುವರ್ಷ ಅವರು ಬಹಳ ಇಳಿದುಹೋದರು. ಬಾವಿಯಿಂದ ಬಾಗಿಲವರೆಗೆ ಒಂದು ಕೊಡ ತರುವಷ್ಟರಲ್ಲಿ ಎರಡು ಸಲ ನಿಲ್ಲುತ್ತಿದ್ದರು. ಮಾತ್ರೆ ತಗೊಂಡ್ರಾ ಎಂದು ಅಮ್ಮ ಎರಡು ಹೊತ್ತೂ ಕೇಳುತ್ತಿದ್ದಳು. "ತಗೊಂಡೆ ಕಣೇ" ಎನ್ನುತ್ತಿದ್ದರು. ಡಿಸೆಂಬರ್ ಬಂದಾಗ ಮಾತ್ರ ಅವರಲ್ಲಿ ಏನೋ ಹುರುಪು. "ಈ ಸಲ ಪೂರ್ತಿ ಹಾಡ್ತೀನಿ ನೋಡ್ತಿರು" ಎಂದು ನನ್ನ ಕಿವಿಯಲ್ಲಿ ಹೇಳಿದ್ದರು. ಅಮ್ಮ ತನ್ನ ಮದುವೆಯ ಸೀರೆಯ ಸೆರಗು ಕತ್ತರಿಸಿ ನನಗೆ ಲಂಗ ಹೊಲಿದಿದ್ದಳು. ಬೆಳೆದಂತೆ ಬಿಚ್ಚಿಕೊಳ್ಳಲಿ ಎಂದು ಅಂಚಿನಲ್ಲಿ ಮೂರು ಮಡಿಕೆ.

ಇಪ್ಪತ್ತನಾಲ್ಕರ ಮಧ್ಯಾಹ್ನ ಅಮ್ಮ ಒಲೆಯ ಮುಂದಿದ್ದಳು. ನಾನು ಗೋದಲಿಯ ಹತ್ತಿರ ಕುರಿಗಳನ್ನು ನಿಲ್ಲಿಸುತ್ತಿದ್ದೆ. ಒಳಕೋಣೆಯಲ್ಲಿ ಅಪ್ಪ ಬಿಳಿ ಅಂಗಿ ತೊಟ್ಟುಕೊಂಡದ್ದು, ಲೋಟದಲ್ಲಿ ನೀರು ಕುಡಿದದ್ದು ಕಂಡೆ. ಸ್ವಲ್ಪ ಹೊತ್ತಿಗೆಲ್ಲ ಹೊರಗೆ ಬಂದು ಗೋಡೆಗೆ ಒರಗಿ ಕೂತರು. ಅವರ ಕೈಗಳು ಗಡಗಡ ನಡುಗುತ್ತಿದ್ದವು. ಮುಖವೆಲ್ಲ ಬೆವರು, ಕತ್ತಿನ ನರ ಹಾರುತ್ತಿತ್ತು. "ರೀಟಾ, ಎದೆ ಏನೋ ಓಡ್ತಾ ಅದೆ" ಎಂದರು. ಅಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಅಪ್ಪನ ಮುಷ್ಟಿಯಲ್ಲಿ ಒಂದು ಬೆಂಕಿಪೊಟ್ಟಣವಿತ್ತು. ಅದರಲ್ಲಿ ಉಳಿದ ಕೆಲವು ಮಾತ್ರೆಗಳು, ಹಳೆಯ ಪೇಪರಿನಲ್ಲಿ ಒಂದೊಂದನ್ನೂ ಬೇರೆಬೇರೆ ಸುತ್ತಿಟ್ಟದ್ದು, ಜೊತೆಗೆ ಬಿಚ್ಚಿದ ಖಾಲಿ ಪೇಪರಿನ ಚೂರುಗಳು.

"ಏನ್ರೀ ಇದು? ತಗೊಂಡೇ ಇಲ್ವಾ ನೀವು?"

"ಬೆಳಗಿನ್ದು ಎತ್ತಿಡ್ತಿದ್ದೆ. ಹಬ್ಬದ ದಿನ ಒಟ್ಟಿಗೆ ತಗೊಂಡ್ರೆ ಉಸಿರು ತುಂಬಾ ಬರ್ತದೆ ಅಂದ್ಕೊಂಡೆ. ಹಾಡ್ಬೌದು ಅಂತ." ಆಮೇಲೆ, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನಂತೆ ಅಮ್ಮನನ್ನು ನೋಡಿ, "ನೀನೂ ಎಲ್ಲಾ ಹಿಂಗೇ ಅಲ್ವಾ ಎತ್ತಿಡೋದು" ಎಂದರು.

ಅಮ್ಮನ ಮುಖ ನನಗೆ ಇವತ್ತಿಗೂ ಕಾಣುತ್ತದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಹಿಟ್ಟು ಮೆತ್ತಿದ ಎರಡೂ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು. ನಾನು ಕೂಗಿದ್ದಕ್ಕೆ ಪಿಳ್ಳಮ್ಮ ಓಡಿಬಂದರು. ಬೀದಿ ತುದಿಯಲ್ಲಿ ನೂಲಿನ ಮೂಟೆ ಏರಿಸುತ್ತಿದ್ದ ಟೆಂಪೋದವನನ್ನು ಅವರೇ ತಡೆದು, ಮೂಟೆ ಇಳಿಸಿ ಅಪ್ಪನನ್ನು ಮಲಗಿಸಿದರು. "ನೀನ್ ಹತ್ತು, ಮಗೀನೂ ಕರ್ಕೋ. ಮನೆ ನಾನ್ ನೋಡ್ಕೊತೀನಿ" ಎಂದು ಅಮ್ಮನನ್ನು ತಳ್ಳಿ ಹತ್ತಿಸಿದರು. ದಾರಿಯುದ್ದಕ್ಕೂ ನಾನು ಅಪ್ಪನ ಕಾಲು ಹಿಡಿದುಕೊಂಡಿದ್ದೆ. ಹಿಡಿದುಕೊಳ್ಳುವುದರ ಹೊರತು ಮಾಡಲು ಏನೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಎಂಟು ದಿನ ಇದ್ದೆವು. ಕ್ರಿಸ್ಮಸ್ಸಿನ ಬೆಳಿಗ್ಗೆ ಪಕ್ಕದ ಮಂಚದವರು ಕೊಟ್ಟ ಬನ್ನನ್ನು ಅಮ್ಮ ಮೂರು ಪಾಲು ಮಾಡಲು ಹೋಗಿ, ತಟ್ಟನೆ ನಿಲ್ಲಿಸಿ, ಇಡಿಯಾಗಿ ನನ್ನ ಕೈಗಿತ್ತಳು. ವಾಪಸು ಬಂದಾಗ ವಠಾರದ ನಮ್ಮ ಬಾಗಿಲ ಮೇಲೆ ಕಾಗದದ ಕ್ರಿಸ್ಮಸ್ ನಕ್ಷತ್ರ ತೂಗುತ್ತಿತ್ತು. ಗೋದಲಿಯಲ್ಲಿ ಬಾಲಯೇಸುವಿನ ಮುಂದೆ ಪಿಳ್ಳಮ್ಮ ದಿನಾ ಹಚ್ಚಿದ ಎಣ್ಣೆದೀಪದ ಕಪ್ಪು ಹಿಡಿದಿತ್ತು, ಒಂದು ಸೇವಂತಿಗೆಯೂ ಇತ್ತು. "ನಿಮ್ ಪದ್ಧತಿ ನಂಗೊತ್ತಿಲ್ಲ ರೀಟಾ, ನಂಗೆ ತಿಳ್ದಂಗೆ ಮಾಡ್ದೆ" ಎಂದರು. ಅಲ್ಲಿಯತನಕ ಅಳದಿದ್ದ ಅಮ್ಮ ಅವರ ಹೆಗಲ ಮೇಲೆ ಬಿದ್ದು ಅತ್ತಳು.

ಅಪ್ಪ ಮತ್ತೆ ಕೆಲಸಕ್ಕೆ ಹೋಗಲಿಲ್ಲ. ಜಗಲಿಯ ಮೇಲೆ ಗೋಣಿ ಹಾಸಿಕೊಂಡು ಕೂತು ನನ್ನ ಪುಸ್ತಕಗಳಿಗೆ ರಟ್ಟು ಹಾಕಿಕೊಡುತ್ತಿದ್ದರು. ಅಮ್ಮ ಎರಡು ಹೊತ್ತೂ ಮಾತ್ರೆಯನ್ನು ತನ್ನ ಕೈಯಿಂದಲೇ ಬಾಯಿಗೆ ಹಾಕಿ, ನುಂಗುವವರೆಗೂ ನಿಂತು ನೋಡುತ್ತಿದ್ದಳು. ಆಗಸ್ಟಿನಲ್ಲಿ, ಸೋನೆ ಹಿಡಿದ ಒಂದು ಬೆಳಿಗ್ಗೆ, ಆ ಪೀಪಿಯಂಥ ಸದ್ದು ನಿಂತುಹೋಯಿತು. ಅಮ್ಮನ ಕೈಯಲ್ಲಿ ಆಗಲೂ ಮಾತ್ರೆಯಿತ್ತು.

ಆಮೇಲೆ ಅಮ್ಮ ಯಾವುದನ್ನೂ ಎತ್ತಿಡಲಿಲ್ಲ. ಅರ್ಧ ಉರಿದ ಮೇಣದಬತ್ತಿಯನ್ನು ಎಸೆದಳು, ಚೂರುಬಟ್ಟೆಯ ಗಂಟನ್ನು ಒಲೆಗೆ ಹಾಕಿದಳು. ಕ್ರಿಸ್ಮಸ್ಸಿಗೆ ಬೇಕರಿಯಿಂದ ಕೇಕು ಬಂತು. ಮೆತ್ತಗಿತ್ತು, ಎಲ್ಲೂ ಸೀದಿರಲಿಲ್ಲ. ನಾನದನ್ನು ಚೆನ್ನಾಗಿದೆ ಎಂದು ಹೇಳಿ ತಿಂದೆ. ವಠಾರವನ್ನೂ ಕೆಡವಿ ಈಗ ಅಲ್ಲಿ ಮೂರು ಮಹಡಿಯ ಅಂಗಡಿಸಾಲು ಎದ್ದಿದೆ. ಪಿಳ್ಳಮ್ಮನೂ ಇಲ್ಲ. ನನಗೆ ದೊಡ್ಡಬಳ್ಳಾಪುರದಲ್ಲಿ ಕೆಲಸ ಸಿಕ್ಕಿದ ಮೇಲೆ ಅಮ್ಮ ನನ್ನ ಜೊತೆಗಿದ್ದಳು. ಅಪ್ಪನ ಆ ಮಧ್ಯಾಹ್ನದ ಬಗ್ಗೆ ನಾವಿಬ್ಬರೂ ವರ್ಷಗಟ್ಟಲೆ ಮಾತಾಡಲಿಲ್ಲ. ತಪ್ಪು ನಿನ್ನದಲ್ಲ ಎಂದು ಹೇಳಬೇಕೆಂದು ಎಷ್ಟೋ ಸಲ ಬಾಯಿಗೆ ಬಂದರೂ, ಹೇಳಿದರೆ ತಪ್ಪೊಂದು ಇತ್ತು ಎಂದು ಒಪ್ಪಿದಂತಾಗುತ್ತದೆಂದು ಸುಮ್ಮನಾಗುತ್ತಿದ್ದೆ.

ಅಮ್ಮ ತೀರಿಕೊಳ್ಳುವ ಮುಂಚಿನ ಡಿಸೆಂಬರಿನಲ್ಲಿ, ಒಂದು ಸಂಜೆ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಕಣ್ಣುಮುಚ್ಚಿ ಕೂತಿದ್ದವಳು ಇದ್ದಕ್ಕಿದ್ದಂತೆ, "ಅವತ್ತು ಅವ್ರು ಯಾವ ಹಾಡು ಹಾಡ್ಬೇಕು ಅಂತಿದ್ರೋ, ನಿಂಗೇನಾದ್ರೂ ಹೇಳಿದ್ರಾ?" ಎಂದಳು.

ಇಲ್ಲ ಎಂದೆ.

"ನಂಗೂ ಹೇಳ್ಲಿಲ್ಲ" ಎಂದಳು.

ಆಸ್ಪತ್ರೆಯಿಂದ ಬಂದ ಮೇಲೆ ಎಂಟು ತಿಂಗಳು ಅಪ್ಪ ನಮ್ಮ ಕಣ್ಣೆದುರೇ ಜಗಲಿಯ ಮೇಲೆ ಕೂತಿದ್ದರು. ಇಬ್ಬರಲ್ಲಿ ಒಬ್ಬರೂ ಕೇಳಿರಲಿಲ್ಲ.