ಊಕ್‌ಗೆ ಜನರನ್ನು ಕರೆದ ಜೂರಾಕಾನ್

ಜೂರಾಕಾನ್ ಮೊದಲು ಪತ್ರಿಕೆಯೊಂದರ ಅಚ್ಚುಮನೆಯಲ್ಲಿ ಮೊಳೆ ಜೋಡಿಸುತ್ತಿದ್ದರು. ಅಚ್ಚುಮನೆ ಮುಚ್ಚಿದ ಮೇಲೆ ಬಿಷ್ಕೆಕ್‌ನಲ್ಲಿ, ವಿಶ್ವವಿದ್ಯಾಲಯದ ಹಿಂದಿನ ಬೀದಿಯಲ್ಲಿ, ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟರು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮಗಳು ಮದುವೆಯಾಗಿ ತಲಾಸ್‌ನಲ್ಲಿದ್ದಳು. ಅಂಗಡಿಯ ಕಂಪ್ಯೂಟರಿನಲ್ಲಿ ರಷ್ಯನ್ ಅಕ್ಷರಗಳೆಲ್ಲ ಇದ್ದವು, ನಮ್ಮ ಕಿರ್ಗಿಜ್ ನುಡಿಗೇ ಸೇರಿದ ಮೂರು ಅಕ್ಷರಗಳು ಮಾತ್ರ ಇರಲಿಲ್ಲ. ಜೂರಾಕಾನ್ ಆ ಜಾಗಗಳನ್ನು ಖಾಲಿ ಬಿಟ್ಟು ಹಾಳೆ ತೆಗೆದು, ಆಮೇಲೆ ಕಪ್ಪು ಪೆನ್ನಿನಿಂದ ಒಂದೊಂದನ್ನೇ ತುಂಬುತ್ತಿದ್ದರು. ತುಂಬುವವರೆಗೆ ಮದುವೆಯ ಕರೆಯೋಲೆಗಳಲ್ಲಿ ಹುಡುಗಿಯ ಹೆಸರೇ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತಿತ್ತು.

ಹವಾಮಾನ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ದೋರೊನ್‌ಬೆಕ್ ಒಂದು ದಿನ ಏನನ್ನೋ ಜೆರಾಕ್ಸ್ ಮಾಡಿಸಲು ಬಂದವನು ಇದನ್ನು ನೋಡಿದ. ನಮ್ಮಲ್ಲಿ ಹಿರಿಯ ಹೆಂಗಸನ್ನು ಎಜೆ, ಅಂದರೆ ಅಕ್ಕ, ಎಂದೇ ಕರೆಯುವುದು.

"ಎಜೆ, ಇದ್ಯಾಕೆ ಕೈಯಲ್ಲಿ ಬರೀತಿದೀರಿ?"

"ಮಿಷನ್ನಿಗೆ ನಮ್ಮ ಮಾತು ಬರಲ್ವಲ್ಲಪ್ಪ."

"ಕಲಿಸೋಣ ಬಿಡಿ."

ಶನಿವಾರ ಆತ ಒಂದು ಡಿಸ್ಕ್ ಹಿಡಿದು ಮತ್ತೆ ಬಂದ. ಸಂಜೆಯೊಳಗೆ ಮೂರೂ ಅಕ್ಷರಗಳು ಪರದೆಯ ಮೇಲಿದ್ದವು. ಜೂರಾಕಾನ್ ತಮ್ಮ ಊರಿನ ಹೆಸರನ್ನು ಟೈಪ್ ಮಾಡಿ ಸುಮ್ಮನೆ ನೋಡುತ್ತ ಕುಳಿತಿದ್ದರಂತೆ.

ಆ ಡಿಸ್ಕಿನಲ್ಲಿದ್ದದ್ದು ಊಕ್. ಡೇರೆಯ ಚಾವಣಿ ಹೊರುವ ಬಾಗಿದ ಕಂಬಿಗಳ ಹೆಸರನ್ನು ದೋರೊನ್‌ಬೆಕ್ ತನ್ನ ಲಿನಕ್ಸ್‌ಗೆ ಇಟ್ಟಿದ್ದ. ಕಂಪ್ಯೂಟರನ್ನು ನಡೆಸುವ ಇಡೀ ವ್ಯವಸ್ಥೆ ಅದು. ಅದನ್ನು ಕಟ್ಟುತ್ತಿದ್ದವರು ನಾವು ಎಂಟು ಹತ್ತು ಮಂದಿ. ಒಡೆಯನಿಲ್ಲ, ಸಂಬಳವಿಲ್ಲ. ಬೇರೆ ಬೇರೆ ಕೆಲಸ ಮುಗಿಸಿ ಬಂದು ದೋರೊನ್‌ಬೆಕ್‌ನ ಅಡುಗೆಮನೆಯಲ್ಲಿ ಸೇರುತ್ತಿದ್ದೆವು. ಪರದೆಯ ಮೇಲಿನ ಚಿತ್ರಗಳನ್ನು ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಜೂರಾಕಾನ್ ಸೇರಿದ ಮೇಲೆ ಊಕ್‌ನ ಮಾತುಗಳನ್ನೆಲ್ಲ ಕಿರ್ಗಿಜ್‌ಗೆ ತರುವ ಕೆಲಸವನ್ನು ಹೊತ್ತುಕೊಂಡರು. ನಿಘಂಟಿನ ಒಣ ಪದಗಳು ಅವರಿಗೆ ಹಿಡಿಸುತ್ತಿರಲಿಲ್ಲ. ಬೇಡದ ಕಡತ ಹಾಕುವ ಬುಟ್ಟಿಗೆ ಬೂದಿಗುಂಡಿ ಎಂದು ಹೆಸರಿಟ್ಟರು, ಕುರಿಗಾಹಿಗಳ ಡೇರೆಯ ಹಿಂದೆ ಒಲೆಯ ಬೂದಿ ಸುರಿಯುವ ಗುಂಡಿ.

"ಎಜೆ, ನನ್ನ ಕಂಪ್ಯೂಟರ್ ಕುರಿ ವಾಸನೆ ಹೊಡೀತಿದೆ," ಎಂದು ಗೆನ್ನಾದಿ ಕಿಚಾಯಿಸಿದ. ಬಿಷ್ಕೆಕ್‌ನಲ್ಲೇ ಹುಟ್ಟಿ ಬೆಳೆದ ರಷ್ಯನ್ ಅವನು, ನಮ್ಮಲ್ಲೇ ಒಬ್ಬ.

"ಹೊಡೀಲಿ ಬಿಡೋ. ಇಷ್ಟು ದಿನ ಅದಕ್ಕೆ ಯಾವ ವಾಸನೇನೂ ಇರ್ಲಿಲ್ಲ."

ಆಗ ಊಕ್ ಬಾಯಿಂದ ಬಾಯಿಗೆ ಹರಡುತ್ತಿತ್ತು. ಯಾರಾದರೂ ಹೊಸಬರು ಹಳೆಯ ಕಂಪ್ಯೂಟರ್ ಹೊತ್ತು ಜೂರಾಕಾನ್‌ರ ಅಂಗಡಿಗೆ ಬಂದರೆ ದೋರೊನ್‌ಬೆಕ್ ಪಕ್ಕದಲ್ಲೇ ಕೂರುತ್ತಿದ್ದ. ಮೊದಲು ಅದರಲ್ಲಿದ್ದುದನ್ನೆಲ್ಲ ಬೇರೆ ಕಡೆ ನಕಲು ಮಾಡಿಟ್ಟು, "ಇನ್ನೇನೂ ಉಳಿದಿಲ್ಲ ತಾನೇ? ಸರಿಯಾಗಿ ಯೋಚ್ನೆ ಮಾಡಿ ಹೇಳಿ," ಎಂದು ಮತ್ತೆ ಮತ್ತೆ ಕೇಳಿ, ಆಮೇಲೆ ಕೈ ಹಾಕುತ್ತಿದ್ದ. ಹಾಗೆ ತಿಂಗಳಿಗೆ ನಾಲ್ಕಾರು ಜನ ಬಂದರೆ ಹೆಚ್ಚು.

ಜೂರಾಕಾನ್‌ಗೆ ಇದು ಸಾಲದು ಅನ್ನಿಸಿತು. ಒಂದು ಚಳಿಗಾಲದಲ್ಲಿ, ಎಲ್ಲರೂ ಲಗ್ಮನ್ ತಿನ್ನುತ್ತ ಕುಳಿತಿದ್ದಾಗ, ಮಾತು ತೆಗೆದರು. ಭಿತ್ತಿಪತ್ರ ಮಾಡಿಸೋಣ, ನೌರುಜ್ ಹಬ್ಬದಲ್ಲಿ ಮಳಿಗೆ ಹಾಕೋಣ, ರೇಡಿಯೋದಲ್ಲಿ ಮಾತಾಡೋಣ.

"ಬೇಕಾದೋರು ಹುಡುಕ್ಕೊಂಡು ಬರ್ತಾರೆ ಎಜೆ," ಎಂದ ದೋರೊನ್‌ಬೆಕ್.

"ಇಂಥದ್ದೊಂದು ಇದೆ ಅಂತಾನೇ ಗೊತ್ತಿಲ್ದೋರು ಏನನ್ನ ಹುಡುಕ್ತಾರೆ? ನೀನು ಆವತ್ತು ಪಕ್ಕದ ಅಂಗಡಿಗೆ ಹೋಗಿದ್ರೆ ನಾನು ಇವತ್ತಿಗೂ ಪೆನ್ನು ಹಿಡ್ಕೊಂಡೇ ಕೂತಿರ್ತಿದ್ದೆ."

"ತಾವಾಗಿ ಬಂದೋರು ಬೇರೆ. ನಾವು ಕರೆದ ಮೇಲೆ ಅವರು ನಮ್ಮ ಅತಿಥಿಗಳು. ಬಾಗಿಲಲ್ಲಿ ನಿಂತು ಕೂಗಿದಾಗ ಒಳಗೆ ಯಾರೂ ಇಲ್ಲ ಅಂದ್ರೆ ಹೇಗೆ? ನಾವಿರೋದು ಇಷ್ಟೇ ಜನ."

"ನಿಮ್ಮಮ್ಮ ಜನರ ತಲೆ ಎಣಿಸಿ ಚಹಾಕ್ಕೆ ನೀರಿಡ್ತಿದ್ರೇನೋ?"

ಎಲ್ಲರೂ ನಕ್ಕರು. ಅವನಮ್ಮನ ಕೈಯ ಚಹಾ ಕುಡಿಯದೆ ಆ ಮನೆಯಿಂದ ಹೊರಟವರು ನಮ್ಮಲ್ಲಿ ಯಾರೂ ಇರಲಿಲ್ಲ. ಕೈ ಎತ್ತಿ ತೀರ್ಮಾನಿಸುವುದು ನಮ್ಮ ಪದ್ಧತಿ. ನಾವೆಲ್ಲ ಜೂರಾಕಾನ್ ಪರ ಎತ್ತಿದೆವು. ಕೊನೆಗೆ ದೋರೊನ್‌ಬೆಕ್ ಕೂಡ ಎತ್ತಿದ. ಆದರೆ ಭಿತ್ತಿಪತ್ರದಲ್ಲಿ ಒಂದು ಸಾಲು ಸೇರಿಸಿ ಎಂದು ಕೇಳಿಕೊಂಡ: ಮೊದಲು ನಿಮ್ಮ ಕಡತಗಳನ್ನು ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ.

"ಊಟಕ್ಕೆ ಬನ್ನಿ ಅಂತ ಕರೆದು, ಮೆಟ್ಟಿಲು ಜಾರತ್ತೆ ಅಂತ ಜೊತೆಗೇ ಬರೀತಾರೇನೋ?"

"ಜಾರೋದು ನಿಜ ಅಲ್ವಾ ಎಜೆ?"

ಆ ಸಾಲು ಡಿಸ್ಕಿನೊಳಗಿನ ಕೈಪಿಡಿಗೆ ಹೋಯಿತು. ಭಿತ್ತಿಪತ್ರದ ಮೇಲೆ ಉಳಿದದ್ದು ಜೂರಾಕಾನ್‌ರ ಮಾತು: "ನಿಮ್ಮ ಹಳೆಯ ಕಂಪ್ಯೂಟರ್ ನಿಮ್ಮದೇ ಮಾತಿನಲ್ಲಿ. ದುಡ್ಡು ಬೇಡ. ಮಗುವೂ ಹಾಕಿಕೊಳ್ಳಬಹುದು."

ನೌರುಜ್‌ನ ದಿನ ಮೊಳಕೆ ಗೋಧಿಯ ಪಾಯಸ ಸುಮೊಲೊಕ್ ಕುದಿಯುವ ಕೊಪ್ಪರಿಗೆಗಳ ಪಕ್ಕದಲ್ಲೇ ನಮ್ಮ ಮೇಜು. ತಂದ ಡಿಸ್ಕ್‌ಗಳು ಮಧ್ಯಾಹ್ನದೊಳಗೆ ಖಾಲಿಯಾದವು. ರೇಡಿಯೋದಲ್ಲಿ ಜೂರಾಕಾನ್ ಮಾತಾಡಿದ ಮೇಲಂತೂ ದೂರದ ಊರುಗಳಿಂದ ಕರೆಗಳು ಬಂದವು. ಕೊಚ್ಕೊರ್‌ನ ಅಂಚೆಯವನೊಬ್ಬ ತನ್ನ ಹೆಸರು ಸರಿಯಾಗಿ ಅಚ್ಚಾದುದನ್ನು ಜೀವನದಲ್ಲಿ ಮೊದಲ ಸಲ ನೋಡಿದೆ ಎಂದು ಫೋನಿನಲ್ಲಿ ಹೇಳಿದ. ಜೂರಾಕಾನ್ ಅದನ್ನು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು. ಆ ವಸಂತದಲ್ಲಿ ಅವರು ನಡೆಯುವ ರೀತಿಯೇ ಬದಲಾಗಿತ್ತು.

ಬೇಸಿಗೆಯ ಹೊತ್ತಿಗೆ ಪ್ರಶ್ನೆಗಳು ಮುಗಿಬಿದ್ದವು. ಪ್ರಿಂಟರ್ ನಡೆಯುತ್ತಿಲ್ಲ, ಹಾಡು ಕೇಳಿಸುತ್ತಿಲ್ಲ, ಮಗನ ಆಟ ತೆರೆಯುತ್ತಿಲ್ಲ. ದೋರೊನ್‌ಬೆಕ್ ಕಚೇರಿಯ ಊಟದ ಬಿಡುವಿನಲ್ಲಿ ಒಂದು ಕೈಯಲ್ಲಿ ಸಮ್ಸಾ, ಇನ್ನೊಂದರಲ್ಲಿ ಫೋನ್ ಹಿಡಿದಿರುತ್ತಿದ್ದ. ಉತ್ತರ ತಡವಾದರೆ ಜನ ಸುಮ್ಮನಿರುತ್ತಿರಲಿಲ್ಲ. "ಕರೆದೋರು ನೀವೇ ತಾನೇ?" ಎನ್ನುತ್ತಿದ್ದರು. ಗೆನ್ನಾದಿ ಒಬ್ಬನಿಗೆ, "ಕೈಪಿಡಿಯಲ್ಲಿದೆ, ಓದೋಕೆ ಬರಲ್ವಾ?" ಎಂದುಬಿಟ್ಟ. ಅದಕ್ಕೆ ಜೂರಾಕಾನ್ ಅವನನ್ನು ಎಲ್ಲರೆದುರು ಬೈದರು. ಅವನು ಅಡುಗೆಮನೆಗೆ ಬರುವುದನ್ನು ನಿಲ್ಲಿಸಿದ. ಅವನ ಹಿಂದೆ ಇನ್ನಿಬ್ಬರು.

ಆಗಲೇ ಬಾತ್ಮಾ ಜೂರಾಕಾನ್‌ರ ಅಂಗಡಿಗೆ ಬಂದದ್ದು. ಅತ್-ಬಾಷಿಯ ಶಾಲೆಯೊಂದರಲ್ಲಿ ಸಂಗೀತ ಕಲಿಸುವ ಹೆಂಗಸು. ಕಂಪ್ಯೂಟರಿನ ಪೆಟ್ಟಿಗೆಯನ್ನು ಉಣ್ಣೆಯ ಶಾಲಿನಲ್ಲಿ ಸುತ್ತಿ, ವ್ಯಾನಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಅವಳ ಗಂಡ ಬೇಸಿಗೆಯ ಹುಲ್ಲುಗಾವಲುಗಳಲ್ಲಿ ಅಲೆದು, ಮುದುಕರು ನುಡಿಸುತ್ತಿದ್ದ ಕೊಮುಜ್ ವಾದ್ಯದ ರಾಗಗಳನ್ನು ಧ್ವನಿಮುದ್ರಿಸಿದ್ದ. ತಾನು ನುಡಿಸಿದ್ದನ್ನೂ ಸೇರಿಸಿ ಎಲ್ಲವನ್ನೂ ಈ ಕಂಪ್ಯೂಟರಿನಲ್ಲೇ ಇಟ್ಟಿದ್ದ. ಈಗ ಅವನೂ ಇಲ್ಲ, ಆ ಮುದುಕರೂ ಇಲ್ಲ. ಬಾತ್ಮಾ ನಾರಿನ್‌ನ ಬಜಾರಿನಲ್ಲಿ ಭಿತ್ತಿಪತ್ರ ನೋಡಿ, ಡಿಸ್ಕ್ ತರಿಸಿಕೊಂಡು, ತಾನೇ ಊಕ್ ಹಾಕಿಕೊಂಡಿದ್ದಳು.

"ಹಾಡುಗಳು ಎಲ್ಲಿಗೋ ಸರಿದಿವೆ ಅನ್ಸತ್ತೆ," ಎಂದಳು. "ಸ್ವಲ್ಪ ಹುಡುಕಿ ಕೊಡ್ತೀರಾ?"

ಜೂರಾಕಾನ್‌ಗೆ ಏನಾಗಿದೆಯೆಂದು ತಕ್ಷಣ ಗೊತ್ತಾಯಿತು. ಊಕ್ ಹಾಕುವಾಗ ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತದೆ. ದೋರೊನ್‌ಬೆಕ್ ಬರೆದಿದ್ದದ್ದು, "ಕಂಪ್ಯೂಟರಿನಲ್ಲಿರುವುದನ್ನೆಲ್ಲ ಅಳಿಸಲೇ?" ಎಂದು. ಹೊಸಬರು ಹೆದರಬಾರದೆಂದು ಜೂರಾಕಾನ್ ಅದನ್ನು ಮೆತ್ತಗೆ ಮಾಡಿ, "ಜಾಗವನ್ನೆಲ್ಲ ಬಳಸಿಕೊಳ್ಳಲೇ?" ಎಂದು ಅನುವಾದಿಸಿದ್ದರು. ಬಾತ್ಮಾ ಹೂಂ ಎಂದು ಒತ್ತಿದ್ದಳು. ಯಾರಾದರೂ ಒತ್ತುತ್ತಿದ್ದರು.

ಜೂರಾಕಾನ್ ಫೋನ್ ಮಾಡಿ ದೋರೊನ್‌ಬೆಕ್‌ನನ್ನು ಕರೆಸಿದರು. ಆತ ಬಂದು ಎಲ್ಲ ಕೇಳಿಸಿಕೊಂಡು, "ನೋಡ್ತೀನಿ ಎಜೆ. ಎಲ್ಲ ಸಿಗತ್ತೆ ಅಂತ ಹೇಳಲಾರೆ," ಎಂದು ಬಾತ್ಮಾಳಿಗೆ ಹೇಳಿದ. ಕಚೇರಿಗೆ ರಜೆ ಹಾಕಿ ಆ ಕಂಪ್ಯೂಟರನ್ನು ಕೆದಕುತ್ತ ಕುಳಿತ. ಸಿಕ್ಕಿದ್ದು ಚೂರುಗಳು. ಬಾತ್ಮಾ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದೊಂದನ್ನೇ ಕೇಳಿದಳು.

"ಇದು ನಮ್ಮೋರ ಕೈ," ಎಂದಳು ಒಂದಕ್ಕೆ. ಕೇಳುತ್ತ ಕೇಳುತ್ತ ಅವಳ ಬೆರಳುಗಳು ಮೊಣಕಾಲಿನ ಮೇಲೆ ಆಡುತ್ತಿದ್ದವು, ತಟ್ಟನೆ ನಿಂತವು. "ಇದರ ಮುಂದಿಂದೆಲ್ಲಿ?"

"ಮುಂದಿಂದು ಇಲ್ಲ ಎಜೆ," ಎಂದ ದೋರೊನ್‌ಬೆಕ್.

ಅವಳು ಬೈಯಲಿಲ್ಲ. ಸಿಕ್ಕಷ್ಟನ್ನು ತೆಗೆದುಕೊಂಡು, ತಂದಿದ್ದ ಕುರುತ್ ಎಂಬ ಒಣಮೊಸರಿನ ಉಪ್ಪುಂಡೆಗಳ ಚೀಲವನ್ನು ಅವನ ಕೈಗೆ ಕೊಟ್ಟು ಹೊರಟುಹೋದಳು. ಬೈದಿದ್ದರೆ ಜೂರಾಕಾನ್‌ಗೆ ಹಗುರವಾಗುತ್ತಿತ್ತೇನೋ.

ಮರುದಿನ ಬಿಷ್ಕೆಕ್‌ನ ಓಶ್ ಬಜಾರಿನ ಗೋಡೆಗಳ ಮೇಲಿನ ಭಿತ್ತಿಪತ್ರಗಳನ್ನು ಜೂರಾಕಾನ್ ತಾವೇ ಉಗುರಿನಿಂದ ಕೆರೆದು ಕಿತ್ತರು. ಆ ಪ್ರಶ್ನೆಯ ಮಾತನ್ನೂ ತಿದ್ದಿದರು. ದೋರೊನ್‌ಬೆಕ್ ಒಂದು ಕೊಂಕು ಮಾತೂ ಆಡಲಿಲ್ಲ. ಎಲೆ ಉದುರುವವರೆಗೂ, ಬಂದ ಪ್ರತಿ ಕರೆಗೂ ಉತ್ತರ ಕೊಟ್ಟ. ಆಮೇಲೆ ಒಂದು ಸಂಜೆ ನಮ್ಮನ್ನೆಲ್ಲ ಕೂರಿಸಿ, "ನನ್ನ ಕೈಲಿ ಇನ್ನಾಗಲ್ಲ. ಇದನ್ನ ಖುಷಿಗೆ ಅಂತ ಶುರು ಮಾಡಿದ್ದು. ಈಗ ಫೋನ್ ಬಡ್ಕೊಂಡ್ರೆ ಎದೆ ಧಸಕ್ ಅನ್ನತ್ತೆ," ಎಂದ. ಅವನಿಲ್ಲದೆ ನಾವು ಹೇಗೋ ಇನ್ನೊಂದು ಆವೃತ್ತಿ ಹೊರತಂದೆವು. ಅಲ್ಲಿಗೆ ಊಕ್ ನಿಂತಿತು.

ನಮ್ಮ ಅಕ್ಷರಗಳು ಈಗ ಎಲ್ಲರ ಫೋನಿನಲ್ಲೂ ಇವೆ. ಜೂರಾಕಾನ್ ಕಟ್ಟಿದ ಮಾತುಗಳನ್ನು ದೊಡ್ಡ ಲಿನಕ್ಸ್ ತಂಡಗಳು ಎತ್ತಿಕೊಂಡಿವೆ. ಅದನ್ನು ಹೇಳಿ ಸಮಾಧಾನ ಮಾಡಲು ಹೋದರೆ ಅವರು ಕೇಳುತ್ತಿರಲಿಲ್ಲ. ಕರೆದದ್ದೇ ತಪ್ಪಾಯಿತೇ ಎಂದು ನಾನೊಮ್ಮೆ ಕೇಳಿದೆ.

"ಕರೀದೇ ಇದ್ರೆ ಆ ಅಂಚೆಯೋನಿಗೆ ತನ್ನ ಹೆಸರು ಸಿಗ್ತಿತ್ತಾ?" ಎಂದರು. ಆಮೇಲೆ, "ಬರಲಿ ಬರಲಿ ಅಂತ ಎಷ್ಟು ಆಸೆಪಟ್ಟೆ. ಬಂದೋರನ್ನ ಯಾರು ನೋಡ್ಕೋಬೇಕು ಅಂತ ಯೋಚ್ನೆ ಮಾಡ್ಲಿಲ್ಲ. ಮಾಡಿದೋನು ದೋರೊನ್‌ಬೆಕ್ ಒಬ್ಬ, ಅವನನ್ನ ನೋಡಿ ನಗಾಡಿದೆ," ಎಂದರು.

ಕಳೆದ ವರ್ಷ ಅಂಗಡಿ ಮುಚ್ಚಿ ಮಗಳ ಬಳಿಗೆ ಹೊರಟರು. ಹೊರಡುವ ಮೊದಲು ದೋರೊನ್‌ಬೆಕ್‌ನ ಮನೆಗೆ ಹೋಗಿದ್ದರು. ಚಹಾ ಕುಡಿದು, ಅವನ ಮಕ್ಕಳ ಓದಿನ ಮಾತಾಡಿ, ತಲಾಸ್‌ನ ಹುರುಳಿಕಾಯಿ ಬೆಳೆಯ ಮಾತಾಡಿದರಂತೆ. ಬಸ್ ನಿಲ್ದಾಣದವರೆಗೂ ಅವನೇ ಚೀಲ ಹೊತ್ತು ಬಂದನಂತೆ.

"ಆವತ್ತು ನಕ್ಕಿದ್ದಕ್ಕೆ ಒಂದು ಮಾತು ಹೇಳ್ಬೇಕು ಅಂತಲೇ ಹೋಗಿದ್ದೆ," ಎಂದರು ತಲಾಸ್‌ನಿಂದ ಫೋನ್ ಮಾಡಿ. "ಅವನು ಚೀಲನ ಸೀಟಿನ ಕೆಳಗೆ ಇಟ್ಟು, ಕಿಟಕಿ ಹಾಕ್ಕೊಳ್ಳಿ ಎಜೆ, ಕಣಿವೇಲಿ ಚಳಿ, ಅಂದ. ಹಾಕ್ಕೊಂಡೆ. ಅಷ್ಟರಲ್ಲಿ ಬಸ್ ಹೊರಡ್ತು."